ಎರಡು ತಲೆ ಹಾವಿಗೆ ಮಫ್ತಿ ಗಿರಾಕಿ

ನಮ್ಮ ಶೇಂಗಾ ಹೊಲದ ಬದುವಿನಲ್ಲಿ ಮಣ್ಣುಮುಕ್ಕ ಹಾವು ಮೊದಲೆಲ್ಲ ಆಗಾಗ ಕಾಣುತ್ತಿತ್ತು. ಬಾಲವೂ ತಲೆಯ ಹಾಗೇ ಮೊಂಡು. ಅದಕ್ಕೇ ಎರಡು ತಲೆ ಹಾವು ಅಂತಾರೆ. ವಿಷವಿಲ್ಲ. ಇಲಿ ತಿನ್ನುವ ಹಾವು, ರೈತನಿಗೆ ಉಪಕಾರಿ.

ಮನೆಯಲ್ಲಿಟ್ಟರೆ ಅದೃಷ್ಟ, ನಿಧಿ ಸಿಗುತ್ತೆ, ತೂಕ ಹೆಚ್ಚಿದ್ದರೆ ಲಕ್ಷಗಟ್ಟಲೆ ಬೆಲೆ ಅಂತೆಲ್ಲ ಸುದ್ದಿ. ಎಲ್ಲ ಸುಳ್ಳು. ಮಳೆ ಕೈಕೊಟ್ಟ ವರ್ಷ ಪಕ್ಕದೂರಿನ ಹುಡುಗನೊಬ್ಬ ಇದನ್ನು ನಂಬಿ, ಹಾವು ಹಿಡಿದು ಚೀಲದಲ್ಲಿ ಹೊತ್ತುಕೊಂಡು ಹೋದ. ಕೊಳ್ಳಲು ಬಂದಿದ್ದವರು ಮಫ್ತಿ ಪೊಲೀಸರು! ಚೌಕಾಸಿ ಮಾಡಿದರು, ನೋಟಿನ ಕಟ್ಟು ತೋರಿಸಿದರು, ಚೀಲ ಬಿಚ್ಚಿದ ಕೂಡಲೇ ಹಿಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು. ವಕೀಲರ ಫೀಸಿಗೆ ಅವರಪ್ಪ ಒಂದು ಜತೆ ಎತ್ತು ಮಾರಿದ.

ಇಂಥ ವೇಷ ಬೇಕೇ? ಬೇಕು ಅಂತಲೇ ನನ್ನ ಅಭಿಪ್ರಾಯ. ಇದು ಸಂತೆಯಲ್ಲಿಟ್ಟು ಮಾರುವ ಮಾಲಲ್ಲ, ಗಿರಾಕಿಯಾಗಿ ಹೋಗದೆ ಹೊರಗೆ ಬರೋಲ್ಲ. ಹಾವೂ ಜೀವಂತ ಸಿಗುತ್ತೆ.

ಆದರೆ 'ಹಾವು ತನ್ನಿ, ಲಕ್ಷ ಕೊಡ್ತೀವಿ' ಅಂತ ವೇಷದವರೇ ಊರೂರು ತಿರುಗಿದರೆ? ಸುಮ್ಮನಿದ್ದವನೂ ಗುದ್ದಲಿ ಹಿಡಿದು ಬಿಲ ಅಗೆಯುತ್ತಾನೆ. ಹಾವು ಬಚ್ಚಿಟ್ಟವನ ಸುಳಿವು ಸಿಕ್ಕ ಮೇಲಷ್ಟೇ ಗಿರಾಕಿ ಹೋಗಬೇಕು.

ನನಗೆ ಹೆಚ್ಚು ಸಿಟ್ಟು ಬರೋದು ಬೇರೆ ಕಾರಣಕ್ಕೆ. ಆ ಹುಡುಗನಿಗೆ ದರದ ಆಸೆ ಹುಟ್ಟಿಸಿದ ದಲ್ಲಾಳಿ ಇವತ್ತೂ ಸಂತೆಯಲ್ಲಿ ಆರಾಮಾಗಿ ಚಾ ಕುಡೀತಾನೆ. ಚೀಲ ಹೊತ್ತವನ ಫೋನು ತೆಗೆದು ಯಾರು ಕಳಿಸಿದರು ಅಂತ ಹುಡುಕದಿದ್ದರೆ ಅರ್ಧ ಕೆಲಸವೇ ಸರಿ. ಇಂಥ ಜಾಲ ಪತ್ತೆ ಮಾಡಲಿಕ್ಕೆ ಅಂತಲೇ ಕೇಂದ್ರ ಸರಕಾರ 2007ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಮಾಡಿದೆ.

ಈ ಸಲ ನನ್ನ ಹೊಲದ ಬದು ತುಂಬ ಇಲಿ ಬಿಲ. ಮಣ್ಣುಮುಕ್ಕ ಒಂದೂ ಕಾಣಲಿಲ್ಲ.