ಮೂರನೆಯ ರಾತ್ರಿಯ ಸನ್ನಿ

ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೆಂದು ಬಂದ ರೋಗಿಯೊಬ್ಬನು ಎರಡು ದಿನ ಹೇಗೋ ಕಳೆದು, ಮೂರನೆಯ ರಾತ್ರಿ ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿ, ಬೆವರಿನಿಂದ ತೊಯ್ದು, ತಾನಿರುವುದು ಆಸ್ಪತ್ರೆಯೆಂಬುದನ್ನೇ ಮರೆತು ಮಂಚದಿಂದಿಳಿದು ಓಡಲೆತ್ನಿಸಿದರೆ, ಅದನ್ನು ಹುಚ್ಚೆಂದೋ ಹಟವೆಂದೋ ಬಗೆದು ಕೈಕಾಲು ಕಟ್ಟುವುದು ಸುಲಭ. ಆದರೆ ಮೊದಲ ದಿನ ಯಾರೂ ಕೇಳದೆ ಬಿಟ್ಟ ಕುಡಿತದ ಪ್ರಶ್ನೆಗೆ ಆ ದೇಹವು ಆಗ ತಾನಾಗಿಯೇ ಉತ್ತರ ಕೊಡುತ್ತಿರುತ್ತದೆ.

ಮದ್ಯವೂ ನಿದ್ರಾಜನಕ ಗುಳಿಗೆಗಳೂ ಮಿದುಳಿನ ಉದ್ರೇಕವನ್ನಡಗಿಸುವ ಗಾಬಾ ಎಂಬ ರಾಸಾಯನಿಕದ ಬಲವನ್ನು ಹೆಚ್ಚಿಸುವಂಥವು. ಬಹುಕಾಲ ಆ ಭಾರಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಬೆಳೆಸಿಕೊಂಡ ಮಿದುಳು, ಭಾರ ಕಳಚಿದೊಡನೆ ಏತದ ಮರದಂತೆ ಮೇಲಕ್ಕೆ ಚಿಮ್ಮುತ್ತದೆ. ಈ ಸನ್ನಿಗೆ ಡೆಲಿರಿಯಂ ಟ್ರೆಮೆನ್ಸ್ ಎಂದು ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್ 1813ರಲ್ಲಿಯೇ ಹೆಸರಿಟ್ಟಿದ್ದರೂ, ಪುಷ್ಟಿಕರವಾದ ಆಹಾರ ದೊರೆತವರಲ್ಲಿಯೂ ಕುಡಿತ ನಿಂತುದರಿಂದಲೇ ಸೆಳೆತವೂ ಸನ್ನಿಯೂ ಉಂಟಾಗುವುವೆಂದು ಅಮೆರಿಕದ ಲೆಕ್ಸಿಂಗ್‌ಟನ್ನಿನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ತೋರಿಸಿದುದು 1955ರಲ್ಲಿ.

ಮದ್ಯ ನಿಂತ 6ರಿಂದ 8 ಗಂಟೆಗಳಲ್ಲಿ ಕೈನಡುಕ, ಓಕರಿಕೆ, ಕಳವಳ, ನಾಡಿಯ ವೇಗ ಕಾಣಿಸಿಕೊಳ್ಳಬಹುದು. ಎರಡು ದಿನಗಳೊಳಗೆ ಸೆಳೆತ ಬರಬಹುದು. 48ರಿಂದ 96 ಗಂಟೆಗಳ ನಡುವೆ ಸನ್ನಿಯ ಭಯ. ಇವನ್ನು ಅಳೆಯಲು 1989ರಿಂದ ಬಳಕೆಗೆ ಬಂದ ಹತ್ತು ಅಂಶಗಳ ಮಾಪಕವೊಂದುಂಟು. ಆದರೆ ಅದರಲ್ಲಿ ನಾಡಿಗೂ ರಕ್ತದೊತ್ತಡಕ್ಕೂ ಅಂಕವಿಲ್ಲದಿರುವುದರಿಂದ, ಅವನ್ನು ಬೇರೆಯಾಗಿ ಗುರುತಿಸಿಡುವ ರಾತ್ರಿಪಾಳಿಯ ಸಿಸ್ಟರ್ ಅವರ ಶ್ರದ್ಧೆಯನ್ನು ನಾನು ಆ ಅಂಕಪಟ್ಟಿಗಿಂತಲೂ ಹೆಚ್ಚು ನೆಚ್ಚುತ್ತೇನೆ. ತಲೆಯ ಪೆಟ್ಟು, ಸೋಂಕು, ರಕ್ತದಲ್ಲಿ ಸಕ್ಕರೆಯ ಇಳಿತ ಇವೂ ಇದೇ ವೇಷದಲ್ಲಿ ಬರುವುದರಿಂದ, ಕುಡುಕನೆಂಬ ಹಣೆಪಟ್ಟಿ ಹಚ್ಚಿ ಸುಮ್ಮನಾಗುವುದೂ ಅಷ್ಟೇ ಅಪಾಯಕರ.

ಆದುದರಿಂದ ಆ ಪ್ರಶ್ನೆಯನ್ನು ದಾಖಲಾದ ದಿನವೇ, ನೆಂಟರಿಷ್ಟರು ಆಚೆ ಹೋದ ಮೇಲೆ, "ಕೊನೆಯ ಸಲ ಯಾವಾಗ ತಗೊಂಡ್ರಿ, ದಿನಕ್ಕೆ ಎಷ್ಟಾಗುತ್ತೆ?" ಎಂದು, ಜ್ವರವೆಷ್ಟಿತ್ತೆಂದು ಕೇಳುವ ಧ್ವನಿಯಲ್ಲಿಯೇ ಕೇಳಬೇಕು. ಏಕೆಂದರೆ ನಾಚಿಕೆಪಟ್ಟವನು ಕೊಡುವ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ಇನ್ನು ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆಗಳನ್ನೆಲ್ಲ ಒಪ್ಪಿಸಿದ ಅಜ್ಜಿಯು ವರ್ಷಗಳಿಂದ ನುಂಗುತ್ತಿರುವ ನಿದ್ದೆಮಾತ್ರೆಯನ್ನು ಔಷಧವೆಂದೇ ಎಣಿಸಿರುವುದಿಲ್ಲ. ಡಯಜೆಪಾಮ್‌ನಂಥದು ದೇಹದಿಂದ ನಿಧಾನವಾಗಿ ತೊಲಗುವುದರಿಂದ ಅದು ನಿಂತು ವಾರ ಕಳೆದ ಮೇಲೂ ಆಕೆಗೆ ನಡುಕ, ನಿದ್ರಾಹೀನತೆ, ಗಲಿಬಿಲಿ ತಲೆದೋರಬಹುದು. ಆಗ ಮನೆಯವರು "ವಯಸ್ಸಾಯ್ತಲ್ಲ" ಎನ್ನುತ್ತಿರುವಾಗ, ಆ ಗುಳಿಗೆಯ ಖಾಲಿ ಪಟ್ಟಿ ಆಕೆಯ ಎಲೆಯಡಿಕೆಯ ಚೀಲದಲ್ಲಿ ಮಡಿಸಿಕೊಂಡು ಬಿದ್ದಿರುತ್ತದೆ.