ಹೀಟ್ ವೇವ್: ಇಲ್ಲದ ಲೇಖಕನ ಇರುವ ಕಾದಂಬರಿ

2009ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಪುಸ್ತಕದಂಗಡಿಗಳಿಗೆ 'ಹೀಟ್ ವೇವ್' ಎಂಬ ಪತ್ತೇದಾರಿ ಕಾದಂಬರಿ ಬಂದಿತು. ಲೇಖಕನ ಹೆಸರು ರಿಚರ್ಡ್ ಕ್ಯಾಸಲ್. ಪುಸ್ತಕದಲ್ಲಿ ಆತನ ಭಾವಚಿತ್ರವಿತ್ತು, ಪರಿಚಯವಿತ್ತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯನ್ನೂ ಈ ಕೃತಿ ಪ್ರವೇಶಿಸಿತು. ಆದರೆ ರಿಚರ್ಡ್ ಕ್ಯಾಸಲ್ ಎಂಬ ವ್ಯಕ್ತಿ ಈ ಲೋಕದಲ್ಲಿ ಇರಲೇ ಇಲ್ಲ. ಆತ ಟೆಲಿವಿಷನ್ ಧಾರಾವಾಹಿಯೊಂದರ ನಾಯಕ. ಭಾವಚಿತ್ರದಲ್ಲಿದ್ದವರು ಆ ಪಾತ್ರ ವಹಿಸಿದ ನಟ ನೇಥನ್ ಫಿಲಿಯನ್.

ಧಾರಾವಾಹಿಯೊಳಗಿನ ಪುಸ್ತಕ

ಆಂಡ್ರ್ಯೂ ಮಾರ್ಲೋ ಸೃಷ್ಟಿಸಿದ 'ಕ್ಯಾಸಲ್' ಧಾರಾವಾಹಿ ಎಬಿಸಿ ವಾಹಿನಿಯಲ್ಲಿ 2009ರ ಮಾರ್ಚ್‌ನಲ್ಲಿ ಆರಂಭವಾಯಿತು. ಕ್ಯಾಸಲ್ ಜನಪ್ರಿಯ ಪತ್ತೇದಾರಿ ಕಾದಂಬರಿಕಾರ. ಆತನ ಪುಸ್ತಕಗಳಲ್ಲಿನ ಕೊಲೆಗಳನ್ನೇ ಅನುಕರಿಸಿ ಯಾರೋ ನಿಜವಾದ ಕೊಲೆ ಮಾಡಿದಾಗ ನ್ಯೂಯಾರ್ಕ್ ಪೊಲೀಸರು ಆತನ ನೆರವು ಕೇಳುತ್ತಾರೆ. ತನಿಖೆ ನಡೆಸುವ ಮಹಿಳಾ ಅಧಿಕಾರಿ ಕೇಟ್ ಬೆಕೆಟ್‌ಳಿಂದ ಸ್ಫೂರ್ತಿ ಪಡೆದು ಆತ 'ನಿಕ್ಕಿ ಹೀಟ್' ಎಂಬ ಹೊಸ ನಾಯಕಿಯನ್ನು ರೂಪಿಸುತ್ತಾನೆ. ಕಥೆಯೊಳಗೆ ಕ್ಯಾಸಲ್ ಬರೆದ ಆ ಕಾದಂಬರಿಯೇ ಹೊರಗಿನ ಅಂಗಡಿಗಳಲ್ಲಿ 'ಹೀಟ್ ವೇವ್' ಆಗಿ ಮಾರಾಟವಾಯಿತು.

ಮ್ಯಾನ್‌ಹಟನ್‌ನ ಶ್ರೀಮಂತ ಕಟ್ಟಡೋದ್ಯಮಿಯೊಬ್ಬ ತನ್ನದೇ ಮನೆಯ ಎತ್ತರದಿಂದ ಬಿದ್ದು ಸಾಯುವುದರೊಂದಿಗೆ ಕಾದಂಬರಿ ತೆರೆದುಕೊಳ್ಳುತ್ತದೆ. ನಿಕ್ಕಿಯ ಬೆನ್ನಿಗೆ ಪತ್ರಕರ್ತ ಜೇಮ್ಸನ್ ರೂಕ್ ಇರುತ್ತಾನೆ. ಚದುರಂಗದ 'ರೂಕ್' ಕಾಯಿಗೆ ಇಂಗ್ಲಿಷಿನಲ್ಲಿ 'ಕ್ಯಾಸಲ್' ಎಂಬ ಹೆಸರೂ ಇದೆ. ಅಂದರೆ ಕಾಲ್ಪನಿಕ ಲೇಖಕ ತನ್ನ ಕಾದಂಬರಿಯೊಳಗೆ ತನ್ನನ್ನೇ ಇರಿಸಿಕೊಂಡಿದ್ದಾನೆ. ಧಾರಾವಾಹಿಯ ವೀಕ್ಷಕರಿಗೆ ಈ ಸೂಚನೆಗಳನ್ನು ಗುರುತಿಸುವುದೇ ಒಂದು ಸಂತೋಷ.

ಲಾಭದ ಲೆಕ್ಕಾಚಾರ

ಇಂತಹ ಪುಸ್ತಕಗಳ ಹಿಂದೆ ಸರಳವಾದ ವ್ಯವಹಾರವಿದೆ. ಧಾರಾವಾಹಿ ಪ್ರತಿ ವಾರವೂ ಪುಸ್ತಕಕ್ಕೆ ಪ್ರಚಾರ ನೀಡುತ್ತದೆ. ಪುಸ್ತಕ ಓದಿದವರು ಧಾರಾವಾಹಿಯತ್ತ ಮರಳುತ್ತಾರೆ. ಪ್ರಕಾಶನ ಸಂಸ್ಥೆ ಹೈಪೀರಿಯನ್ ಮತ್ತು ಎಬಿಸಿ ವಾಹಿನಿ ಎರಡೂ ಆಗ ಡಿಸ್ನಿ ಸಮೂಹಕ್ಕೆ ಸೇರಿದ್ದವು ಎಂಬುದು ಇಲ್ಲಿ ಗಮನಾರ್ಹ. ಧಾರಾವಾಹಿ 2016ರಲ್ಲಿ ಮುಕ್ತಾಯವಾದರೂ ಲೇಖಕನ ಹೆಸರು ನಿಲ್ಲಲಿಲ್ಲ. 2019ರಲ್ಲಿಯೂ ನಿಕ್ಕಿ ಹೀಟ್ ಸರಣಿಯ ಕಾದಂಬರಿ ಹೊರಬಂದಿತು.

ಬರೆದವರು ಯಾರು?

ಲೇಖಕನೇ ಇಲ್ಲದ ಮೇಲೆ ಬರೆದವರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಸರಣಿಯ ಮೊದಲ ಏಳು ಕಾದಂಬರಿಗಳನ್ನು ಬರೆದವರು ಟೆಲಿವಿಷನ್ ಬರಹಗಾರ ಟಾಮ್ ಸ್ಟ್ರಾ. ಅವರು ತಮ್ಮದೇ ಹೆಸರಿನಲ್ಲಿಯೂ ಪತ್ತೇದಾರಿ ಕಾದಂಬರಿ ಪ್ರಕಟಿಸಿದ್ದಾರೆ. ಆದರೆ 'ಹೀಟ್ ವೇವ್' ಮುಖಪುಟದಲ್ಲಿ ಅವರ ಹೆಸರಿಗೆ ಸ್ಥಾನವಿರಲಿಲ್ಲ. ಇದ್ದಿದ್ದರೆ ಆಟವೇ ಕೆಡುತ್ತಿತ್ತು.

ಈ ತಂತ್ರ ಹೊಸದೇನಲ್ಲ. 1929ರಲ್ಲಿ ಫ್ರೆಡರಿಕ್ ಡ್ಯಾನೇ ಮತ್ತು ಮ್ಯಾನ್‌ಫ್ರೆಡ್ ಲೀ ಎಂಬ ಸೋದರಸಂಬಂಧಿಗಳು ಸೃಷ್ಟಿಸಿದ 'ಎಲರಿ ಕ್ವೀನ್' ಏಕಕಾಲಕ್ಕೆ ಲೇಖಕನ ಹೆಸರೂ ಹೌದು, ಪತ್ತೇದಾರನ ಹೆಸರೂ ಹೌದು. 1960ರ ದಶಕದಲ್ಲಿ ಅದೇ ಹೆಸರಿನಡಿ ಬೇರೆ ಲೇಖಕರೂ ಬರೆದುಕೊಟ್ಟರು. ಹೆಸರು ಒಮ್ಮೆ ಸರಕಾಗಿಬಿಟ್ಟರೆ ಅದಕ್ಕೆ ಬರೆಯುವ ಕೈಗಳು ಬದಲಾಗಬಹುದು.

ಕಾನೂನು ಏನನ್ನುತ್ತದೆ?

ಧಾರಾವಾಹಿ ಆಧಾರಿತ ಕಾದಂಬರಿಗಳಲ್ಲಿ ಪಾತ್ರಗಳ ಒಡೆತನ ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆಯ ಬಳಿಯೇ ಉಳಿಯುತ್ತದೆ. ಬರೆದವರಿಗೆ ಸಂಭಾವನೆ ಎಷ್ಟು, ಹೆಸರು ಬರುತ್ತದೆಯೇ ಎಂಬುದು ಒಪ್ಪಂದಕ್ಕೆ ಬಿಟ್ಟ ವಿಷಯ. ಅಮೆರಿಕದ ಹಕ್ಕುಸ್ವಾಮ್ಯ ಕಾಯಿದೆ ತನ್ನ ಕೃತಿಯ ಕರ್ತೃತ್ವ ಹೇಳಿಕೊಳ್ಳುವ ವಿಶೇಷ ಹಕ್ಕನ್ನು ಕೆಲವು ದೃಶ್ಯಕಲಾಕೃತಿಗಳಿಗಷ್ಟೇ ಸೀಮಿತಗೊಳಿಸಿದೆ. ಕಾದಂಬರಿಕಾರರಿಗೆ ಅದು ದೊರೆಯುವುದಿಲ್ಲ.

ಭಾರತದ ಕಾನೂನು ಇಲ್ಲಿ ಭಿನ್ನವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 57ನೇ ಕಲಮಿನ ಪ್ರಕಾರ, ಹಕ್ಕುಸ್ವಾಮ್ಯವನ್ನು ಬೇರೆಯವರಿಗೆ ವರ್ಗಾಯಿಸಿದ ನಂತರವೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಲೇಖಕನಲ್ಲಿ ಉಳಿದಿರುತ್ತದೆ. ಹಣ ಪಡೆದು ಬರೆದುಕೊಟ್ಟವರಿಗೂ ಹೆಸರಿನ ಮೇಲೊಂದು ಹಿಡಿತವಿರಬೇಕು ಎಂಬುದು ಇದರ ಆಶಯ.

ಓದುಗ ಮೋಸ ಹೋದನೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಕ್ಯಾಸಲ್ ಕೇವಲ ಪಾತ್ರವೆಂಬುದು ಧಾರಾವಾಹಿ ನೋಡಿದ ಎಲ್ಲರಿಗೂ ತಿಳಿದಿತ್ತು, ತಿಳಿದೇ ಕೊಂಡರು. ಇಲ್ಲಿ ನಷ್ಟವೆಂಬುದಿದ್ದರೆ ಅದು ಬರೆದವನದು. ಪುಸ್ತಕ ಗೆದ್ದಾಗ ಜನ ಅಭಿನಂದಿಸಿದ್ದು ಎಂದೂ ಒಂದು ವಾಕ್ಯ ಬರೆಯದ ಪಾತ್ರವನ್ನು. ಮುಂದಿನ ಬಾರಿ ಇಂತಹ ಪುಸ್ತಕ ಕೈಗೆ ಬಂದಾಗ ಮುಖಪುಟದ ಹೆಸರಿನ ಜತೆಗೆ ಕೃತಜ್ಞತೆಯ ಪುಟವನ್ನೂ ಓದುವುದು ಒಳ್ಳೆಯದು. ನಿಜವಾದ ಲೇಖಕನ ಸುಳಿವು ಕೆಲವೊಮ್ಮೆ ಅಲ್ಲಿಯೇ ಸಿಗುತ್ತದೆ.