ಕ್ಯಾಮೆರಾ ಆಗುವ ಮೂವರು ಗೂಢಚಾರ ರೋಬೋಗಳು



ಮಾಗಡಿ ರಂಗನಾಥಸ್ವಾಮಿ ತೇರಿಗೆ ಹೋದವರೆಲ್ಲ ಒಂದು ಪ್ಲಾಸ್ಟಿಕ್ ಗೊಂಬೆ ನೋಡಿರುತ್ತೀರಿ. ಮೊದಲು ಅದು ಕಾರು. ಬಾಗಿಲು ಎಳೆದು, ಹಿಂಭಾಗ ತಿರುಗಿಸಿದರೆ ಕೈಕಾಲು ಬಂದು ರೋಬೋ ಆಗುತ್ತದೆ. ನಮ್ಮ ಕ್ಲಾಸಿನಲ್ಲೂ ಇಬ್ಬರ ಹತ್ತಿರ ಇದೆ. ಈ ಗೊಂಬೆಗಳಿಗೆಲ್ಲ ಒಂದು ಕಥೆ ಇದೆ, ಅದರ ಹೆಸರು ಟ್ರಾನ್ಸ್‌ಫಾರ್ಮರ್ಸ್. ಅದರಲ್ಲಿ ಲಾರಿ ಆಗುವ ನಾಯಕ ಆಪ್ಟಿಮಸ್ ಪ್ರೈಮ್. ಅವನನ್ನು ಎಲ್ಲರಿಗೂ ಗೊತ್ತು. ನಾನು ಬರೆಯುತ್ತಿರುವುದು ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಒಬ್ಬ ಚಿಕ್ಕ ಖಳನಾಯಕನ ಬಗ್ಗೆ. ಅವನ ಹೆಸರು ರಿಫ್ಲೆಕ್ಟರ್. ಯಾಕೆ ಇವನ ಬಗ್ಗೆಯೇ ಬರೆದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಗೊಂಬೆ ಎಲ್ಲಿಂದ ಬಂತು?

ಜಪಾನಿನಲ್ಲಿ ತಕಾರಾ ಎಂಬ ಗೊಂಬೆ ಕಂಪನಿ ಇತ್ತು. ಅವರು ರೋಬೋ ಆಗುವ ಕಾರು, ವಿಮಾನ ಮಾಡುತ್ತಿದ್ದರು. ಆಮೇಲೆ ೧೯೮೩ರಲ್ಲಿ ಇನ್ನೊಂದು ತರಹ ಮಾಡಿದರು. ಮನೆಯಲ್ಲಿರುವ ಸಾಮಾನುಗಳೇ ರೋಬೋ ಆಗುವುದು. ಟೇಪ್ ರೆಕಾರ್ಡರ್, ಕ್ಯಾಸೆಟ್, ಪಿಸ್ತೂಲು, ಸೂಕ್ಷ್ಮದರ್ಶಕ, ಕ್ಯಾಮೆರಾ ಹೀಗೆ. ಅಮೆರಿಕದ ಹ್ಯಾಸ್ಬ್ರೋ ಕಂಪನಿಯವರು ಇವನ್ನೆಲ್ಲ ತೆಗೆದುಕೊಂಡು ೧೯೮೪ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಒಂದೇ ಹೆಸರಿನಲ್ಲಿ ಮಾರಿದರು. ಅದೇ ವರ್ಷ ಟೀವಿಯಲ್ಲಿ ಕಾರ್ಟೂನ್ ಕೂಡ ಬಂತು. ೨೦೦೭ರಿಂದ ದೊಡ್ಡ ಸಿನಿಮಾಗಳೂ ಬಂದವು. ತಕಾರಾ ಕಂಪನಿ ೨೦೦೬ರಲ್ಲಿ ಟೋಮಿ ಎಂಬ ಇನ್ನೊಂದು ಕಂಪನಿಯ ಜೊತೆ ಸೇರಿಕೊಂಡಿತು.

ಕಥೆ ಏನೆಂದರೆ, ಸೈಬರ್‌ಟ್ರಾನ್ ಎಂಬ ಗ್ರಹದಲ್ಲಿ ಎರಡು ಗುಂಪಿನ ರೋಬೋಗಳಿಗೆ ಜಗಳ. ಒಳ್ಳೆಯವರು ಆಟೋಬಾಟ್‌ಗಳು. ಕೆಟ್ಟವರು ಡಿಸೆಪ್ಟಿಕಾನ್‌ಗಳು. ಕೆಟ್ಟವರ ಯಜಮಾನ ಮೆಗಾಟ್ರಾನ್. ಅವನ ಕೈಕೆಳಗೆ ಕೆಲಸ ಮಾಡುವವನೇ ನಮ್ಮ ರಿಫ್ಲೆಕ್ಟರ್.

ಒಬ್ಬನಲ್ಲ, ಮೂವರು

ಬೆಂಗಳೂರಿನಲ್ಲಿರುವ ನಮ್ಮ ಮಾವ ಊರಿಗೆ ಬಂದಾಗ ಫೋನಿನಲ್ಲಿ ಹಳೆಯ ಕಾರ್ಟೂನ್ ತೋರಿಸಿದರು. ಅದರಲ್ಲಿ ಒಂದೇ ತರಹ ಇರುವ ಮೂವರು ಸಣ್ಣ ರೋಬೋಗಳು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಒಂದು ಕ್ಯಾಮೆರಾ ಆದರು. ನಾನು "ಮಾವಾ, ಇನ್ನೊಂದ್ಸಲ ಹಾಕಿ" ಅಂದೆ. ಮೂರು ಸಲ ನೋಡಿದೆ.

ಮೂವರಿಗೂ ಸೇರಿಸಿ ರಿಫ್ಲೆಕ್ಟರ್ ಎಂದೇ ಕರೆಯುತ್ತಾರೆ. ಬೇರೆ ಬೇರೆ ಹೆಸರೂ ಇವೆ: ಸ್ಪೈಗ್ಲಾಸ್, ವ್ಯೂಫೈಂಡರ್, ಸ್ಪೆಕ್ಟ್ರೋ. ಗೊಂಬೆಯಲ್ಲಿ ವ್ಯೂಫೈಂಡರ್ ನಡುವೆ ಬರುತ್ತಾನೆ. ಲೆನ್ಸ್ ಇರುವುದು ಅವನ ಹತ್ತಿರ. ಉಳಿದ ಇಬ್ಬರು ಎಡಕ್ಕೆ ಬಲಕ್ಕೆ ಕೂಡುತ್ತಾರೆ. ಇವರ ಕೆಲಸ ಯುದ್ಧ ಮಾಡುವುದಲ್ಲ. ಅಡಗಿಕೊಂಡು ನೋಡುವುದು, ಚಿತ್ರ ತೆಗೆಯುವುದು, ಯಜಮಾನನಿಗೆ ಹೋಗಿ ಒಪ್ಪಿಸುವುದು. ಅಂದರೆ ಗೂಢಚಾರರು. ಮೊದಲ ವರ್ಷದ ಕಾರ್ಟೂನಿನಲ್ಲಿ ಆಗಾಗ ಕಾಣುತ್ತಾರೆ, ಆಮೇಲೆ ಅವರನ್ನು ಕೇಳುವವರೇ ಇಲ್ಲ.

ಅಮೆರಿಕದಲ್ಲಿ ಈ ಗೊಂಬೆ ಮೊದಲು ಅಂಗಡಿಯಲ್ಲಿ ಸಿಗುತ್ತಿರಲಿಲ್ಲವಂತೆ. ಬೇರೆ ಗೊಂಬೆಗಳ ಡಬ್ಬದ ಮೇಲೆ ಇರುತ್ತಿದ್ದ ಅಂಕದ ಚೀಟಿ ಕತ್ತರಿಸಿ, ದುಡ್ಡಿನ ಜೊತೆ ಅಂಚೆಯಲ್ಲಿ ಕಳಿಸಿದರೆ ಮನೆಗೆ ಬರುತ್ತಿತ್ತು.

ರೂಪ ಹೇಗೆ ಬದಲಾಗುತ್ತದೆ?

ಇದರ ಗುಟ್ಟು ಕೀಲು. ನಮ್ಮ ಮೊಣಕೈ ಒಂದೇ ಕಡೆ ಮಡಚುತ್ತದೆ, ಭುಜ ಸುತ್ತಲೂ ತಿರುಗುತ್ತದೆ. ಗೊಂಬೆಯಲ್ಲೂ ಎರಡು ತರಹ ಕೀಲು ಇರುತ್ತದೆ. ಬಾಗಿಲ ಕೀಲಿನಂತೆ ಕಡ್ಡಿ ತೂರಿಸಿರುವುದು ಒಂದು. ಗುಂಡು ಬಟ್ಟಲಿನಲ್ಲಿ ಕೂತಂತೆ ಇರುವುದು ಇನ್ನೊಂದು. ಕೀಲು ಬಿಗಿಯಾಗಿದ್ದರೆ ಮುರಿಯುತ್ತದೆ, ಸಡಿಲವಾಗಿದ್ದರೆ ರೋಬೋ ನಿಲ್ಲದೆ ಬೀಳುತ್ತದೆ. ತೇರಿನಲ್ಲಿ ತಂದ ಗೊಂಬೆ ಎರಡೇ ದಿನಕ್ಕೆ ಮುರಿಯುವುದು ಇದೇ ಜಾಗದಲ್ಲಿ.

ನಮ್ಮ ಚನ್ನಪಟ್ಟಣದ ಗೊಂಬೆ ಯಾಕೆ ಹೀಗೆ ರೂಪ ಬದಲಿಸುವುದಿಲ್ಲ ಎಂದು ನನಗೆ ಯೋಚನೆ ಬಂತು. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಲ್ಲಿ ಕೆತ್ತುತ್ತಾರೆ. ಮರ ತಿರುಗುವುದರಿಂದ ಆಕಾರ ಗುಂಡಗೆ ಬರುತ್ತದೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ರೋಬೋಗೆ ಬೇಕಾದದ್ದು ಚೌಕದ ತುಂಡುಗಳು, ಸಣ್ಣ ಸಣ್ಣ ತೂತು, ಕೊಂಡಿ. ಅದಕ್ಕೆ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬುತ್ತಾರೆ. ಆದರೆ ನಮ್ಮಜ್ಜಿ ಮನೆಯ ಚನ್ನಪಟ್ಟಣದ ಗೊಂಬೆಯಲ್ಲಿ ಅಮ್ಮ ಆಡಿದ್ದರು, ನಾನೂ ಆಡಿದೆ, ಈಗ ತಂಗಿ ಆಡುತ್ತಿದ್ದಾಳೆ.

ನಮ್ಮ ಕಡೆಯ ಚಿಕ್ಕ ಖಳರು

ರೂಪ ಬದಲಿಸುವ ಖಳ ನಮಗೇನು ಹೊಸಬನಲ್ಲ. ರಾಮಾಯಣದ ಮಾರೀಚ ಚಿನ್ನದ ಜಿಂಕೆ ಆದ. ಅವನಿಗೆ ಇಷ್ಟ ಇರಲಿಲ್ಲ, ಬೇಡ ಎಂದು ರಾವಣನಿಗೆ ಬುದ್ಧಿಯನ್ನೂ ಹೇಳಿದ. ಹೋಗದಿದ್ದರೆ ಕೊಲ್ಲುತ್ತೇನೆ ಎಂದು ರಾವಣ ಹೆದರಿಸಿದ ಮೇಲೆ ಹೋದ. ಇನ್ನೊಬ್ಬ ನಮ್ಮ ಪಕ್ಕದ ರಾಮನಗರದವನೇ! ೧೯೭೫ರಲ್ಲಿ ಬಂದ 'ಶೋಲೆ' ಸಿನಿಮಾವನ್ನು ರಾಮನಗರದ ಬೆಟ್ಟಗಳಲ್ಲಿ ತೆಗೆದರು. ಅದರಲ್ಲಿ ಸಾಂಬಾ ಎಂಬುವನು ಬಂಡೆ ಮೇಲೆ ಬಂದೂಕು ಹಿಡಿದು ಕೂತು ಕಾಯುತ್ತಾನೆ. ಮಾತು ತುಂಬಾ ಕಡಿಮೆ, ಆದರೂ ಜನ ಇನ್ನೂ ಮರೆತಿಲ್ಲ. ದೊಡ್ಡ ಖಳ ಒಬ್ಬನೇ ಏನೂ ಮಾಡಲಾರ. ನೋಡಿ ಹೇಳುವವನು, ಕಾಯುವವನು, ವೇಷ ಹಾಕುವವನು ಬೇಕೇ ಬೇಕು.

ಈಗ ನನ್ನ ವಿಷಯ

ಮಾವ ಕಾರ್ಟೂನ್ ತೋರಿಸಿದ ಮೇಲೆ ನಾವು ಮೂವರು ಗೆಳೆಯರು ಸೇರಿ ರಿಫ್ಲೆಕ್ಟರ್ ಮಾಡಿದೆವು. ನೋಟ್‌ಬುಕ್ಕಿನ ರಟ್ಟು, ಬೆಂಕಿಪೊಟ್ಟಣ, ಕೀಲಿಗೆ ಸೈಕಲ್ ಕಡ್ಡಿಯ ಚೂರು. ಕೆಟ್ಟುಹೋದ ಬ್ಯಾಟರಿಯ ಗಾಜನ್ನು ಲೆನ್ಸ್ ಮಾಡಿದೆವು. ಒಬ್ಬೊಬ್ಬರು ಒಂದೊಂದು ರೋಬೋ ಮನೆಗೆ ಒಯ್ಯುವುದು, ಭಾನುವಾರ ಬೆಟ್ಟದ ಬುಡದಲ್ಲಿ ಸೇರಿ ಜೋಡಿಸುವುದು ಎಂದು ಮಾತಾಯಿತು. ಲೆನ್ಸ್ ಇರುವ ನಡುವಿನವನು ಒಬ್ಬ ಗೆಳೆಯನ ಪಾಲಿಗೆ ಬಂತು.

ಒಂದು ವಾರ ಅವನು ಶಾಲೆಗೆ ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ್ದ. ನಾನು ಬೆಳಿಗ್ಗೆ ಬರುವಾಗ ಅವನು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದುದನ್ನು ಕಂಡೆ. ಕ್ಲಾಸಿನಲ್ಲಿ ಯಾರೂ ಕೇಳದಿದ್ದರೂ ಎದ್ದು ನಿಂತು "ಅವನಿಗೆ ಜ್ವರ ಇಲ್ಲ ಸಾರ್, ನಾನೇ ನೋಡಿದೆ" ಅಂದೆ. ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು. ಅವನು ಬಂದ ದಿನ ಎಲ್ಲರ ಮುಂದೆ ಬೈಸಿಕೊಂಡ.

ಆಮೇಲೆ ನಮ್ಮಮ್ಮ ಹೇಳಿದರು. ಅವರ ಮನೆ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವಂತೆ. ನಿಮಗೆಲ್ಲ ಗೊತ್ತು, ಆಗ ಹುಳ ತಿನ್ನುವಷ್ಟು ಸೊಪ್ಪನ್ನು ಮತ್ಯಾವಾಗಲೂ ತಿನ್ನುವುದಿಲ್ಲ. ಅವನ ಅಪ್ಪ ಊರಲ್ಲಿರಲಿಲ್ಲ, ಅಮ್ಮ ಒಬ್ಬರೇ. ಸೊಪ್ಪು ತಪ್ಪಿದ್ದರೆ ಗೂಡೇ ಇಲ್ಲ, ಮಾಡಿದ ಸಾಲ ಹಾಗೇ ಉಳಿಯುತ್ತಿತ್ತು. ನಾನು ಸೊಪ್ಪು ಕುಯ್ಯುವುದನ್ನು ಮಾತ್ರ ನೋಡಿದ್ದೆ. ಯಾಕೆ ಅಂತ ಕೇಳಲಿಲ್ಲ. ಮಾರೀಚನನ್ನಾದರೂ ರಾವಣ ಹೆದರಿಸಿದ್ದ, ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಈಗ ಒಂದು ತಿಂಗಳಾಯಿತು, ಅವನು ನನ್ನ ಹತ್ತಿರ ಮಾತಾಡುವುದಿಲ್ಲ. ನಮ್ಮಿಬ್ಬರ ರೋಬೋಗಳು ಕಪಾಟಿನ ಮೇಲಿವೆ. ಜೋಡಿಸಿದರೆ ನಡುವೆ ಖಾಲಿ.

ನಮ್ಮ ಕಲ್ಯದ ಶಾಸನದ ವಿಷಯ ಸಮಾಜ ಪಾಠದ ದಿನ ಗುರುಗಳು ಹೇಳಿದ್ದರು. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆದಾಗ ಬುಕ್ಕರಾಯ ಇವರ ಕೈಯನ್ನು ಅವರ ಕೈಯಲ್ಲಿ ಇಟ್ಟು ರಾಜಿ ಮಾಡಿಸಿದ. ನಮ್ಮಿಬ್ಬರಿಗೆ ರಾಜ ಯಾಕೆ ಬೇಕು? ಗೆಳೆಯಾ, ನೀನು ಇದನ್ನು ಓದುತ್ತೀಯ ಎಂದು ಗೊತ್ತು. ತಪ್ಪು ನನ್ನದು. ಎಲ್ಲರ ಮುಂದೆ ಹೇಳಿದ್ದೆ, ಅದಕ್ಕೆ ಎಲ್ಲರೂ ಓದುವ ಕಡೆ ಬರೆದಿದ್ದೇನೆ. ಮುಂದಿನ ಬೆಳೆಗೆ ನಾವಿಬ್ಬರೂ ಭಾನುವಾರ ಸೊಪ್ಪು ಕುಯ್ಯಲು ಬರುತ್ತೇವೆ. ಲೆನ್ಸ್ ತರದಿದ್ದರೂ ಪರವಾಗಿಲ್ಲ, ನೀನು ಬೆಟ್ಟದ ಬುಡಕ್ಕೆ ಬಾ.

 

ಏಳನೇ ತರಗತಿಯ ವಿದ್ಯಾರ್ಥಿ, ಕಲ್ಯ